ಎಣ್ಣೆ ಹಿಡಿಯದ ಮೂರು ಗೆರೆ

ಹೊಲಿದು ಮುಗಿಸಿದ ಬ್ಯಾಗಿಗೆ ಎಣ್ಣೆ ಸವರುವಾಗ ಅದರ ಮುಚ್ಚಳದ ಮೇಲೆ ಮೂರು ಗೆರೆಗಳು ಎದ್ದವು. ಮಾನ್ಯ ಬಟ್ಟೆ ಒತ್ತಿ ಉಜ್ಜಿದಳು. ಸುತ್ತಲಿನ ಚರ್ಮ ಎಣ್ಣೆ ಕುಡಿದು ಹಳೇ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದಷ್ಟೂ ಗೆರೆಗಳು ಬೆಳ್ಳಗೆ ಕಂಡವು. ಬೆರಳುದ್ದ, ಒಂದರ ಪಕ್ಕ ಒಂದು. ಗೀರಲ್ಲ, ಬರೆ. ಯಾವತ್ತೋ ಕುಂಟುತ್ತಿದ್ದ ದನಕ್ಕೆ ಯಾರೋ ಕುಡುಗೋಲು ಕಾಯಿಸಿ ಎಳೆದದ್ದು. ಸುಟ್ಟು ಮಾಯ್ದ ಚರ್ಮದಲ್ಲಿ ರಂಧ್ರಗಳಿರುವುದಿಲ್ಲ. ಅದು ಎಣ್ಣೆ ಹಿಡಿಯುವುದಿಲ್ಲ.

ಗಂಟೆ ಹನ್ನೊಂದೂಕಾಲು. ಹನ್ನೆರಡಕ್ಕೆ ಅರಕಲಗೂಡಿನಿಂದ ಚಂದ್ರಶೇಖರಯ್ಯ ಬರುವವರಿದ್ದರು. ದನದ ಡಾಕ್ಟರಾಗಿ ನಿವೃತ್ತರಾದವರು. ಅವರ ಮಗಳು ಧನ್ಯಾ ಅದೇ ಓದು ಓದಿ ನಾಳೆ ಮಲ್ಲಿಪಟ್ಟಣದ ಪಶು ಆಸ್ಪತ್ರೆಗೆ ಡಾಕ್ಟರಾಗಿ ಸೇರುತ್ತಿದ್ದಾಳೆ; ಈ ಬ್ಯಾಗು ಅವಳಿಗೆ. ಮೊದಲು ಮಾಡಿಕೊಟ್ಟದ್ದನ್ನು, ಒಂದು ಹೊಲಿಗೆ ವಾರೆಯಾಗಿದೆಯೆಂದು ಮೇಜಿನ ಮೇಲೇ ಬಿಟ್ಟುಹೋಗಿದ್ದರು. "ಇನ್ನೊಂದ್ಸಲ ಬರ್ತೀನಮ್ಮ. ಮೂರನೇ ಸಲ ಬರಲ್ಲ" ಎಂದಿದ್ದರು. ಅದಕ್ಕಿಂತ ಹೆದರಿಕೆಯದು ಬೇರೆ ಇತ್ತು. ದನಕ್ಕೆ ಬರೆ ಹಾಕಬೇಡಿ ಎಂದು ಹಳ್ಳಿಹಳ್ಳಿ ತಿರುಗಿ, ಕಾದ ಕುಡುಗೋಲನ್ನು ಕಿತ್ತುಕೊಂಡು ಬಾವಿಗೆ ಎಸೆದವರೆಂದು ತಾಲ್ಲೂಕಿಗೆಲ್ಲ ಹೆಸರಾದ ಮನುಷ್ಯ ಅವರು.

ತಪ್ಪು ಎಲ್ಲಾಯಿತೆಂದು ಅವಳಿಗೆ ಗೊತ್ತಿತ್ತು. ಕತ್ತರಿಸುವ ಮೊದಲು ಇಡೀ ಚರ್ಮಕ್ಕೆ ಒಂದು ಕೈ ಎಣ್ಣೆ ಸವರಿ ನೋಡಬೇಕಿತ್ತು. ಬಿ.ಎಸ್ಸಿ. ಓದಿದ ಅಭ್ಯಾಸ, ಮೂಲೆಯ ಒಂದು ಚೂರಿಗಷ್ಟೇ ಸವರಿ, ಫಲಿತಾಂಶ ಸರಿಯಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಈಗ ಇನ್ನೊಂದು ಮುಚ್ಚಳಕ್ಕಾಗುವಷ್ಟು ಚರ್ಮವೂ ಉಳಿದಿಲ್ಲ.

"ಲೇ ಮಾನ್ಯ, ಯಾಕೆ ಅಂಗೆ ಕುಂತಿದ್ದೀಯ?" ತಾಯಿ ದಾಕ್ಷಾಯಣಮ್ಮ ನಡುಮನೆಯ ಹೊಸ್ತಿಲಿನ ಆಚೆಯಿಂದ ಕೇಳಿದರು. ಚರ್ಮ ಹೊಸ್ತಿಲು ದಾಟಿ ಒಳಗೆ ಬರಬಾರದು, ಕೆಲಸ ನಡೆಯುವಾಗ ತಾವು ದಾಟಿ ಹೊರಗೆ ಬರುವುದಿಲ್ಲ. ಹೊಳೆನರಸೀಪುರದ ಆ ಮನೆಯಲ್ಲಿ ತಾಯಿ ಮಗಳು ಮಾಡಿಕೊಂಡ ಒಪ್ಪಂದ ಅದು.

"ಮುಚ್ಚಳದ ಮೇಲೆ ಬರೆ ಎದ್ದೈತೆ ಕಣಮ್ಮ."

"ಅಯ್ಯೋ ಶಿವನೇ! ಆ ಡಾಕ್ಟ್ರ ಕಣ್ಣಿಗೆ ಬಿದ್ರೆ ನಿನ್ನೂ ಬಾವಿಗೆ ಎಸೀತಾರೆ. ಏನಾದ್ರೂ ಮುಚ್ಚೇ ಅದರ ಮ್ಯಾಲೆ."

ಮಾನ್ಯ ಉಳಿದ ಚೂರುಗಳಲ್ಲಿ ಮೂರು ಬೆರಳಗಲದ ಪಟ್ಟಿಯೊಂದನ್ನು ಕತ್ತರಿಸಿದಳು. ಗೆರೆಗಳ ಮೇಲಿಟ್ಟು ದಬ್ಬಣ ಹಿಡಿದಳು. ಬಟ್ಟೆಯಲ್ಲಿ ಸೂಜಿ ಹೋದ ಜಾಗ ಒಂದು ಒಗೆತಕ್ಕೆ ಮುಚ್ಚಿಕೊಳ್ಳುತ್ತದೆ. ಚರ್ಮದಲ್ಲಿ ಹಾಗಲ್ಲ, ಇಟ್ಟ ತೂತು ಇಟ್ಟಂತೆಯೇ. ಕೈ ಒಂದು ಕ್ಷಣ ತಡೆಯಿತು. ಆಮೇಲೆ ಒತ್ತಿದಳು. ಜೇನುಮೇಣ ತಿಕ್ಕಿದ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಒಂದು ಆಚೆಯಿಂದ, ಒಂದು ಈಚೆಯಿಂದ. ನಾಲ್ಕನೇ ತೂತಿನ ಹೊಲಿಗೆ ಎಳೆದು ಬಿಗಿಯುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು.

"ಬಸ್ಸು ಬೇಗ ಬಂದ್ಬಿಡ್ತಮ್ಮ" ಎನ್ನುತ್ತ ಚಂದ್ರಶೇಖರಯ್ಯ ಒಳಗೆ ಬಂದರು. ಕೂರಲಿಲ್ಲ. ಕನ್ನಡಕ ಏರಿಸಿ, ಬ್ಯಾಗನ್ನು ಎತ್ತಿಕೊಂಡು, ತಳದಿಂದ ಹಿಡಿಕೆಯವರೆಗೆ ಹೊಲಿಗೆಯ ಮೇಲೆ ಉಗುರು ಆಡಿಸಿದರು. ಮಾನ್ಯ ಆ ಉಗುರನ್ನೇ ನೋಡುತ್ತಿದ್ದಳು.

"ಭೇಷ್. ಸಿರಿಂಜಿನ ಮೇಲಿನ ಗೆರೆ ಇದ್ದಂಗಿದೆ ಹೊಲಿಗೆ." ಉಗುರು ಮುಚ್ಚಳಕ್ಕೆ ಬಂದು ನಿಂತಿತು. "ಇದೇನು? ಈ ಪಟ್ಟಿ ನಾನು ಹೇಳಿರ್ಲಿಲ್ಲ."

"ಬಲ ಇರ್ಲಿ ಅಂತ ಸರ್."

"ಮುಚ್ಚಳಕ್ಕೆ ಎಂಥಾ ಬಲ? ಇದಕ್ಕೇನು ಕರು ಕಟ್ತಾರಾ?"

ಹೊಲಿಯದೆ ಉಳಿದ ಅಂಚನ್ನು ಅವರು ಬೆರಳಿನಿಂದ ಎತ್ತಿದರು. ಮೂರೂ ಗೆರೆಗಳ ಮೇಲೆ ಹೆಬ್ಬೆರಳು ನಿಧಾನವಾಗಿ ಹಾದುಹೋಯಿತು. ಆಮೇಲೆ ಅವರು ತಲೆಯೆತ್ತಿದರು.

"ಎಷ್ಟು ವರ್ಷ ಆಗಿತ್ತು, ಹಾಕ್ದಾಗ?"

"ಗೊತ್ತಿಲ್ಲ ಸರ್. ಚರ್ಮ ತಂದಾಗ ಕಾಣ್ಲೇ ಇಲ್ಲ, ಬಿಸಿಲಿಗೆ ಹಿಡಿದೂ ನೋಡಿದ್ದೆ..."

"ಬ್ಯಾಗಿಂದಲ್ಲಮ್ಮ. ನಿನ್ನ ಕೈದು."

ಎಣ್ಣೆಯ ಕೆಲಸವೆಂದು ಬಿಚ್ಚಿಟ್ಟ ಕೈಗಡಿಯಾರ ಕಿಟಕಿಯಲ್ಲಿತ್ತು. ಎಡಗೈ ಮಣಿಕಟ್ಟಿನ ಮೇಲೆ ಮೂರು ಬೆಳ್ಳನೆಯ ಗೆರೆಗಳು. ಕಾಲೇಜಿನಲ್ಲಿ, ಲ್ಯಾಬಿನಲ್ಲಿ, ಮದುವೆ ಮನೆಗಳಲ್ಲಿ ಯಾರೂ ನೋಡದಂತೆ ಕಾಪಾಡಿಕೊಂಡು ಬಂದದ್ದು. ಮಾನ್ಯ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಆರು ವರ್ಷ ಸಾ!" ಹೊಸ್ತಿಲಾಚೆಯಿಂದ ದಾಕ್ಷಾಯಣಮ್ಮನೇ ಉತ್ತರ ಕೊಟ್ಟರು. "ಕಾಮಾಲೆ ಆಗಿತ್ತು. ನಾನೇ ಕರ್ಕೊಂಡೋಗಿ ಹಾಕುಸ್ದೆ. ವಾಸಿ ಆಗ್ಲಿಲ್ವಾ, ನೋಡಿ!"

"ಮೂರು ವಾರ ಅನ್ನ ಮಜ್ಜಿಗೆ ಕೊಟ್ಟಿದ್ರೂ ವಾಸಿ ಆಗ್ತಿತ್ತು ತಾಯಿ."

"ನೀವು ದನದ ಡಾಕ್ಟ್ರು, ಮಕ್ಕಳ ವಿಸ್ಯ ನಿಮಗೇನು ಗೊತ್ತು?"

ಚಂದ್ರಶೇಖರಯ್ಯ ಮಾನ್ಯಳ ಕಡೆ ತಿರುಗಿದರು. "ಪಟ್ಟಿ ಬಿಚ್ಚಮ್ಮ" ಎಂದರು.

"ಸರ್, ಬೇಡ ಅಂದ್ರೆ..."

"ಬೇಡ ಅಂದ್ನಾ? ವಾರೆ ಹೊಲಿಗೆ ನಿನ್ನ ತಪ್ಪು, ಬಿಟ್ಟುಹೋದೆ. ಬರೆ ನಿನ್ನ ತಪ್ಪಲ್ಲ. ಮೂವತ್ತು ವರ್ಷ ಗಂಟಲು ಹರ್ಕೊಂಡು ಹೇಳ್ದೆ, ಅರ್ಧ ಜನ ಕೇಳ್ಲಿಲ್ಲ. ನನ್ನ ಮಗಳು ಕೊಟ್ಟಿಗೇಲಿ ಈ ಬ್ಯಾಗ್ ಇಟ್ಟ ತಕ್ಷಣ ಎಲ್ರೂ ಮೊದಲು ಇದನ್ನೇ ನೋಡ್ಲಿ."

ಮಾನ್ಯ ಹೊಲಿಗೆ ಕತ್ತರಿಸಿ ಎಳೆದಳು. ಮೇಣದ ದಾರ ಸಲೀಸಾಗಿ ಬಂತು, ಪಟ್ಟಿಯೂ ಬಂತು. ಎಣ್ಣೆ ಬಟ್ಟೆಯನ್ನು ಹೆಬ್ಬೆರಳಿಗೆ ಸುತ್ತಿ ಒಂದೇ ಜಾಗವನ್ನು ಉಜ್ಜಿದಳು, ಮತ್ತೆ ಉಜ್ಜಿದಳು. ಚಂದ್ರಶೇಖರಯ್ಯ ಬ್ಯಾಗನ್ನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು. ಬಾಗಿಲ ಬೆಳಕಿನಲ್ಲಿ ಬರೆಯ ಪಕ್ಕಕ್ಕೇ ಸಾಲಾಗಿ ಏನೋ ಕಂಡು, ಬೆರಳು ಇಟ್ಟು ನೋಡಿದರು.

"ಈ ನಾಲ್ಕು ತೂತು? ಮುಚ್ಕೊಳ್ತಾವಾ?"

"ಇಲ್ಲ ಸರ್" ಎಂದಳು ಮಾನ್ಯ. "ಬರೆ ಬಿದ್ದಾಗ ಆ ಚರ್ಮಕ್ಕೆ ಜೀವ ಇತ್ತು, ಮಾಯ್ತು. ಇವು ನಾನು ಮಾಡಿದ್ದು. ಮಾಯಲ್ಲ."