ಎರಡನೇ ಭಾಗದ ರಕ್ಕಸಿ

ವಿಡಿಯೋ ಗೇಮ್‌ಗಳ ರಕ್ಕಸರ ಪಾತ್ರಕ್ಕೂ ಮನುಷ್ಯರನ್ನೇ ಸಂಬಳಕ್ಕಿಡುತ್ತಿದ್ದ ಕಾಲವದು. ಗದಗಿನ ಫಕೀರವ್ವ ‘ಕರಾಳಕೋಟೆ’ ಆಟದ ಮೊದಲ ಭಾಗದಲ್ಲಿ ಸೇತುವೆ ಕಾಯುವ ರಕ್ಕಸಿಯಾಗಿದ್ದಳು. ದಿನವಿಡೀ ಗರ್ಜಿಸುವುದು, ಆಡಲು ಬಂದ ವೀರರ ಕೈಯಲ್ಲಿ ಸಾಯುವುದು, ಎದ್ದು ಮತ್ತೆ ಗರ್ಜಿಸುವುದು. ಮನೆಗೆ ಬಂದರೆ ಗಡದ್ದಾಗಿ ನಿದ್ದೆ.

ಎರಡನೇ ಭಾಗ ಬಂತು. ನೋಡಲು ಬಲು ಚೆಂದ. ಸೇತುವೆಯ ಕೆಳಗೆ ನದಿ ನಿಜವಾಗಿಯೇ ಹರಿದಂತಿತ್ತು. ಆದರೆ ಈಗ ವೀರರು ರಕ್ಕಸಿಯೊಡನೆ ಕಾದಾಡಬಹುದಿತ್ತು, ಇಲ್ಲವೇ ಮಾತಾಡಬಹುದಿತ್ತು. ಎಲ್ಲರೂ ಮಾತನ್ನೇ ಆರಿಸಿಕೊಂಡರು. ಒಬ್ಬನ ಹೆಂಡತಿ ಮುನಿಸಿಕೊಂಡಿದ್ದಳು, ಇನ್ನೊಬ್ಬನಿಗೆ ಮೊಣಕಾಲು ನೋವು. ಅವರ ಚಿಂತೆಯಲ್ಲಿ ಫಕೀರವ್ವನ ನಿದ್ದೆ ಹಾರಿಹೋಯಿತು.

“ನನ್ನ ಮೊದಲ್ನೇ ಭಾಗಕ್ಕ ಹಾಕ್ರಿ ಸಾಹೇಬ್ರ,” ಎಂದು ಮ್ಯಾನೇಜರನ್ನು ಬೇಡಿಕೊಂಡಳು.

“ಅದನ್ನ ಈಗ ಯಾರೂ ಆಡಂಗಿಲ್ಲಬೇ ಯವ್ವಾ. ನಿನ್ನ ಕೂಡ ಮಾತಾಡಾಕಂತನ ಜನಾ ಹೊಸಾದಕ್ಕ ಬರ್ತಾರ.”

ಮರುದಿನ ಒಬ್ಬ ಯುವತಿ ಸೇತುವೆಗೆ ಬಂದವಳೇ ಕತ್ತಿ ಹಿರಿದಳು. ಫಕೀರವ್ವನಿಗೆ ಹಿಗ್ಗೋ ಹಿಗ್ಗು. ಗರ್ಜಿಸುವುದನ್ನೂ ಮರೆತು ಕುತ್ತಿಗೆ ಚಾಚಿದಳು. ಯುವತಿ ಕತ್ತಿಯನ್ನು ಕೆಳಗೆ ಹಾಕಿಬಿಟ್ಟಳು. ಅವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಫಕೀರವ್ವ ನಿಟ್ಟುಸಿರು ಬಿಟ್ಟು, ಸೇತುವೆಯ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟಳು.

“ಕುಂದ್ರವಾ. ಏನಾತು ಹೇಳು.”