ಭಾವನ ಒಂಟೆ ಜೇಡ

"ಮುಟ್ಟಬೇಡಿ ಭಾವ, ಅದು ನನ್ನದು!"

ಗಡಿಯಾರ ರಿಪೇರಿಯವನು ಹೀಗೆ ದನಿಯೆತ್ತಿದ್ದು ಮದುವೆಯಾದ ಮೇಲೆ ಇದೇ ಮೊದಲು. ಊಟದ ಮೇಜಿನ ಮೇಲೆ ಗಾಜಿನ ಪೆಟ್ಟಿಗೆ. ಒಳಗೆ ಅರ್ಧದಷ್ಟು ಮರಳು, ಒಂದು ಚಪ್ಪಟೆ ಕಲ್ಲು, ಕಲ್ಲಿನ ಮೇಲೆ ಆರು ಜೀರುಂಡೆ.

"ಏನಪ್ಪಾ ಇದು?" ಎಂದ ಭಾವ, ಚಾಚಿದ ಕೈ ಹಿಂತೆಗೆದು, ಒರಗುಕುರ್ಚಿಯಿಂದ ಏಳದೆ. ಏಳದಿರುವುದೇ ಅವನ ಕಸುಬು.

"ಒಂಟೆ ಜೇಡ. ಮರಳುಗಾಡಿನದು. ಹಗಲೆಲ್ಲ ಮರಳೊಳಗೆ ಅಡಗಿರುತ್ತೆ, ಎಲ್ಲ ಮಲಗಿದ ಮೇಲೆ ಮೇಲೆ ಬರುತ್ತೆ. ನಮ್ಮ ನೆರಳು ಕಂಡ್ರೆ ಅಟ್ಟಿಸಿಕೊಂಡು ಬರುತ್ತಂತೆ. ದವಡೆ ಕತ್ತರಿ ಇದ್ದ ಹಾಗೆ. ಜೀರುಂಡೆನೇ ಅದರ ಊಟ. ಮರಳು ಮಾತ್ರ ಕೆದಕಬಾರದು, ಗಾಬರಿಗೇ ಸತ್ತುಹೋಗುತ್ತೆ."

ಈ ಭಾವ ಎಂದರೆ ಹೆಂಡತಿಯ ಅಣ್ಣ. ಮನೆಗೆ ಬಣ್ಣ ಹೊಡೆಸುತ್ತಿದ್ದೇನೆ, ಹತ್ತೇ ದಿನ ಎಂದು ಬಂದವನು ಎಂಟು ತಿಂಗಳಿಂದ ಬೇರು ಬಿಟ್ಟಿದ್ದ. ಅಲ್ಲಿ ಬಣ್ಣ ಒಣಗಿ ಅದರ ಮೇಲೆ ಧೂಳೂ ಕೂತಿತ್ತು. ಇಲ್ಲಿ ಬೆನ್ನುನೋವಿನ ನೆಪದಲ್ಲಿ ಮಲಗುವ ಕೋಣೆ ಅವನದಾಯಿತು. ಆಮೇಲೆ ಒರಗುಕುರ್ಚಿ, ಬೆಳಗಿನ ಪತ್ರಿಕೆ, ಕಿಟಕಿ ಪಕ್ಕದ ಜಾಗ, ಕಡೆಗೆ ಮನೆಯೊಡೆಯನ ಚಪ್ಪಲಿ ಕೂಡ. ಮದುವೆಯಾಗಿ ವರ್ಷ ತುಂಬಿದ್ದ ಗಂಡ ಹೆಂಡತಿ ಹೊರಗೆ ಊಟದ ಮೇಜಿನ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಒಂದು ಪಿಸುಮಾತಾಡಿದರೂ ಗೊರಕೆ ನಿಂತು ಒಳಗಿನಿಂದ "ಏನಮ್ಮಾ?" ಎಂಬ ದನಿ.

"ಅಪ್ಪ ಇಲ್ಲದ ನನ್ನನ್ನ ಸಾಕಿದ ಅಣ್ಣ. ಹೊರಡು ಅಂತ ಹೇಗ್ರೀ ಹೇಳ್ಲಿ?" ಎನ್ನುವಳು ಹೆಂಡತಿ.

"ನಾನು ಹೇಳ್ಲಾ?"

"ನೀವು ಹೇಳಿದ್ರೆ ಇನ್ನೂ ನೋವಾಗುತ್ತೆ."

ಅತ್ತ ದರಿ, ಇತ್ತ ಪುಲಿ. ಈಗ ನಡುವೆ ಒಂದು ಜೇಡ.

"ಹೆದರಿಸಿ ಓಡಿಸೋಣ ಅಂತಲಾ ಇದನ್ನ ತಂದಿದ್ದು?" ಎಂದು ಅವಳು ಅಡುಗೆಮನೆಯಲ್ಲಿ ಪಿಸುಗುಟ್ಟಿದಳು.

"ನಿಂತ ಗಡಿಯಾರದ ಮುಳ್ಳನ್ನ ಬೆರಳಲ್ಲಿ ತಳ್ಳಿದ್ರೆ ಮುರಿಯುತ್ತೆ ಕಣೇ," ಎಂದಷ್ಟೇ ಹೇಳಿ ಅವನು ಅಂಗಡಿಗೆ ಹೊರಟ.

ಭಾವ ಹೆದರಲಿಲ್ಲ. ನಾಲ್ಕನೇ ದಿನ ಪೆಟ್ಟಿಗೆ ಅವನ ಮಂಚದ ಪಕ್ಕದಲ್ಲಿತ್ತು. ದಿನವೂ ಎರಡೆರಡು ಜೀರುಂಡೆ ಹಾಕುವುದೂ ಅವನೇ. ಎಂಟು ಗಂಟೆಗೇ ಗೊರಕೆ ಹೊಡೆಯುವ ಆಸಾಮಿ, ಅಕ್ಕಪಕ್ಕದವರನ್ನೆಲ್ಲ ಕರೆದು ಮರಳು ತೋರಿಸಿ ಕೊಚ್ಚಿಕೊಳ್ಳತೊಡಗಿದ.

"ನನ್ನ ದನಿ ಕೇಳಿದ್ರೆ ಸಾಕು, ಎದ್ದು ಬರುತ್ತೆ. ನಿನ್ನೆ ನನ್ನ ಕೈಯಿಂದಲೇ ತಿಂತು."

ಗಡಿಯಾರದವನ ಮುಖ ಬಿಳಿಚಿಕೊಂಡಿತು. "ನಿಜವಾಗ್ಲೂ ನೋಡಿದ್ರಾ ಭಾವ?"

"ನೋಡದೆ? ಒಂಟೆ ಅಂದ್ಮೇಲೆ ಕೇಳ್ಬೇಕಾ, ಬೆನ್ನ ಮೇಲೆ ಇಷ್ಟು ದೊಡ್ಡ ಡುಬ್ಬ!"

ಗಡಿಯಾರದವನಿಗೆ ಕೆಮ್ಮು ಬಂತು. ನೀರು ಕುಡಿದರೂ ನಿಲ್ಲಲಿಲ್ಲ.

ಎರಡು ತಿಂಗಳು ಕಳೆಯಿತು. ಸಂಜೆಯಾದರೆ ಜೀರುಂಡೆಗಳ ಗದ್ದಲದಲ್ಲಿ ಟೀವಿಯ ಸುದ್ದಿ ಕೇಳಿಸುತ್ತಿರಲಿಲ್ಲ. ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಒಂದು ಶುಕ್ರವಾರ ಅವಳು ಪಾತ್ರೆ ಕುಕ್ಕಿ, "ಹುಳಕ್ಕೂ ಜಾಗ ಸಿಕ್ತು, ನಮಗೆ ಮಾತ್ರ ಇಲ್ಲ," ಎಂದು ಅತ್ತೇಬಿಟ್ಟಳು.

ಅಂದೇ ಊಟದ ಹೊತ್ತಿಗೆ ಗಡಿಯಾರದವನು ಗಂಟಲು ಸರಿಮಾಡಿಕೊಂಡ. "ಭಾವ, ಈ ಮನೇಲಿ ತೇವ ಜಾಸ್ತಿ. ಜೇಡಕ್ಕೆ ಬಿಸಿಲು ಬೀಳೋ ಒಣ ಮನೆ ಬೇಕು, ಇಲ್ದಿದ್ರೆ ಉಳಿಯಲ್ಲ. ಭಾನುವಾರ ತಂದ ಅಂಗಡಿಗೇ ವಾಪಸ್ ಕೊಟ್ಟುಬಿಡ್ತೀನಿ."

"ಯಾರನ್ನ ಕೇಳಿ?"

"ನನ್ನದಲ್ವಾ ಭಾವ?"

"ನಿನ್ನದಾ? ಇಷ್ಟು ದಿನ ಊಟ ಹಾಕಿದ್ದು ಯಾರು?"

ಎಂಟು ತಿಂಗಳು ಹೋಗಿ ಹತ್ತಾಗಿತ್ತು, ಭಾವ ಆ ಮನೆಯಲ್ಲಿ ಉಣ್ಣತೊಡಗಿ.

ಭಾನುವಾರ ಬೆಳಗ್ಗೆ ಕೋಣೆ ಖಾಲಿ. ಚೀಲ ಇಲ್ಲ, ಪೆಟ್ಟಿಗೆ ಇಲ್ಲ, ಮನೆಯಲ್ಲಿದ್ದ ಒಂದೇ ಒಂದು ಮೆತ್ತನೆಯ ದಿಂಬೂ ಇಲ್ಲ. ಮಂಚದ ಮೇಲೆ ಒಂದು ಚೀಟಿ: "ಬಿಸಿಲು ಬೀಳುವ ಮನೆ ನನಗೂ ಇದೆ. ಅದರ ಪ್ರಾಣ ನನಗೆ ಮುಖ್ಯ. ನಿಮ್ಮ ಮನೆಗೆ ಇನ್ನು ಕಾಲಿಡುವುದಿಲ್ಲ."

ಗಡಿಯಾರದವನು ಒರಗುಕುರ್ಚಿಯಲ್ಲಿ ಕುಸಿದು ಮುಖಕ್ಕೆ ಟವೆಲು ಮುಚ್ಚಿಕೊಂಡ. ಭುಜ ಕುಲುಕುತ್ತಿತ್ತು. ಹೆಂಡತಿ ಪಕ್ಕಕ್ಕೆ ಬಂದು ಬೆನ್ನು ಸವರಿದಳು.

"ಅಳಬೇಡ್ರೀ. ನಮ್ಮಣ್ಣನೇ ಹೀಗೆ ಕದ್ದನಲ್ಲ, ನನಗೇ ನಾಚಿಕೆಯಾಗುತ್ತೆ. ಹೋಗ್ಲಿ, ಅಂಥದ್ದೇ ಇನ್ನೊಂದು ತರೋಣ."

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅವನು ಟವೆಲು ತೆಗೆಯುವ ಸ್ಥಿತಿಯಲ್ಲಿರಲಿಲ್ಲ. ಅವಳೇ ಎತ್ತಿಕೊಂಡಳು.

"ಸಾಕುಪ್ರಾಣಿ ಅಂಗಡಿಯಿಂದಮ್ಮ. ಯಜಮಾನ್ರು ಪೆಟ್ಟಿಗೆ, ಮರಳು, ಜೀರುಂಡೆ ಎಲ್ಲ ಒಯ್ದು ಎರಡು ತಿಂಗಳಾಯ್ತು. ಆ ಒಂಟೆ ಜೇಡ ಇನ್ನೂ ಇಲ್ಲೇ ಕೂತಿದೆ, ಅದನ್ನ ಯಾವಾಗ ತಗೊಂಡು ಹೋಗ್ತಾರೆ?"