ಕೈಬಿಟ್ಟು ನೋಡಿ

ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ ಕೊರಿಯರ್‌ನವನು, “ಇದನ್ನ ಒಯ್ಯಲ್ಲ ಕಣಮ್ಮ, ಒಳಗೆ ಟಣ್ ಅಂತಿದೆ,” ಎಂದ.

ಕುಂಬಾರಿಕೆಯವಳ ಮುಖ ಸಪ್ಪಗಾಯಿತು. ಆನ್‌ಲೈನ್ ಅಂಗಡಿ ತೆರೆದ ಎರಡು ತಿಂಗಳಿಗೆ ಬಂದ ಮೊದಲ ಆರ್ಡರ್ ಅದು, ಅವಳೇ ಮಾಡಿದ ಎರಡು ಬಟ್ಟಲು. ಅವನು ಹೊಸ್ತಿಲಲ್ಲೇ ಕೂತು ಡಬ್ಬ ಬಿಚ್ಚಿದ. ಒಂದೊಂದು ಬಟ್ಟಲಿಗೂ ಬೇರೆಬೇರೆಯಾಗಿ ಹಳೇ ಪತ್ರಿಕೆ ಸುತ್ತಿ, ಸಂದುಗೊಂದಿಗೆಲ್ಲ ಕಾಗದ ತುರುಕಿ ಟೇಪ್ ಅಂಟಿಸಿದ. “ಈಗ ಎದೆಮಟ್ಟದಿಂದ ಕೈಬಿಟ್ಟು ನೋಡಿ. ನಿಮಗೇ ಬೀಳಿಸೋಕೆ ಹೆದರಿಕೆಯಾದ್ರೆ ಅಂಥ ಪಾರ್ಸೆಲ್ ಕಳಿಸ್ಲೇಬೇಡಿ.”

ಅವಳು ಕಣ್ಣು ಮುಚ್ಚಿ ಕೈಬಿಟ್ಟಳು. ಧೊಪ್ಪೆಂದಿತು. ಡಬ್ಬ ತೆರೆದು ನೋಡಿದರೆ ಬಟ್ಟಲುಗಳ ಮೇಲೆ ಒಂದು ಗೀರೂ ಇರಲಿಲ್ಲ.

“ನಿಮ್ಮಿಂದ ತುಂಬ ಉಪಕಾರ ಆಯ್ತಣ್ಣ.”

“ಒಡೆದ್ರೆ ಬೈಸ್ಕೊಳ್ಳೋನು ನಾನಲ್ವಾ,” ಎಂದು ಅವನು ನಕ್ಕ. “ಈಗ ನೀವೇ ಕಟ್ಟಿ, ನೋಡ್ತೀನಿ.”

ಕಟ್ಟುತ್ತ ಅವಳು ತಲೆಯೆತ್ತಿದಾಗ ಗೇಟಿನಾಚೆ ಅವನ ಬೈಕ್ ಕಂಡಿತು. ಇನ್ನೂ ಮುಟ್ಟಿಸಬೇಕಾದ ಪಾರ್ಸೆಲ್‌ಗಳು ಅದರ ಮೇಲೆ ಆಳೆತ್ತರಕ್ಕಿದ್ದವು.